ಮ್ಯಾಚ್ ಒಂದನ್ನು ಬಿಟ್ಟು ಎಲ್ಲವೂ ಇರುವ ಅಕಾಡೆಮಿಗೆ ಒಂದು ಅಭಿನಂದನಾ ಪತ್ರ

ಇವರಿಗೆ,
ಅಧ್ಯಕ್ಷರು / ಡೈರೆಕ್ಟರ್ ಆಫ್ ಫುಟ್‌ಬಾಲ್ / ಬ್ರ್ಯಾಂಡ್ ಮ್ಯಾನೇಜರ್
(ಯಾರ ಮಾತು ನಡೆಯುತ್ತದೋ ಅವರು ಒಡೆದು ಓದುವುದು)
ಯೂತ್ ಅಕಾಡೆಮಿ ವಿಭಾಗ, ಬೆಂಗಳೂರು

ವಿಷಯ: ಮ್ಯಾಚ್ ಆಡಿಸದೆಯೇ ಫುಟ್‌ಬಾಲ್ ಆಟಗಾರರನ್ನು ತಯಾರಿಸುತ್ತಿರುವ ಸಾಧನೆಗಾಗಿ ಅಭಿನಂದಿಸುವ ಬಗ್ಗೆ.

ಉಲ್ಲೇಖ: ಹೊರವರ್ತುಲ ರಸ್ತೆಯ ಸಿಗ್ನಲ್ ಬಳಿ ಇರುವ ತಮ್ಮ ಹೋರ್ಡಿಂಗ್.

ಮಾನ್ಯರೇ,

ತಮ್ಮ ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆದರಿಕೆಯಿಂದಲ್ಲ. ಸರ್ಜಾಪುರ ರಸ್ತೆಯಿಂದ ಯಲಹಂಕದವರೆಗೆ ತಾವು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದ ಜೆರ್ಸಿಯಲ್ಲಿ ನೆಲೆಸಿದ್ದೀರಿ. ಒಬ್ಬರ ಹೆಸರು ಹಾಕಿ ಹೊಗಳಿದರೆ ಉಳಿದವರಿಗೆ ಬೇಜಾರಾದೀತು ಎಂಬ ಕಾಳಜಿ, ಅಷ್ಟೇ.

ನನ್ನ ಪರಿಚಯ ಹೇಳಬೇಕೆಂದರೆ, ಸರ್ಕಾರಿ ಕಾರ್ಖಾನೆಯೊಂದರ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಗಿ ಆಡಿ, ಮಂಡಿ ಕಳೆದುಕೊಂಡು, ಪೆನ್ಶನ್ ಪಡೆಯುತ್ತಿರುವವನು. ಸದ್ಯದ ಹುದ್ದೆ, ತಮ್ಮ ಅಂಡರ್-13 ಬ್ಯಾಚಿನ ಹುಡುಗನೊಬ್ಬನ ತಾತ. ಅವನನ್ನು ಸ್ಕೂಟರಿನಲ್ಲಿ ಕರೆತಂದು, ನೆಟ್ಟಿನ ಆಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ತಮ್ಮ ಸಾಧನೆಯನ್ನು ಕಣ್ಣಾರೆ ನೋಡುತ್ತ ಬಂದಿದ್ದೇನೆ.

ಏನಿಲ್ಲ ತಮ್ಮಲ್ಲಿ! ಹುಡುಗ ಎಷ್ಟು ಮೀಟರ್ ಓಡಿದ ಎಂದು ಲೆಕ್ಕ ಇಡುವ ಜಿಪಿಎಸ್ ಬನಿಯನ್ ಇದೆ. ರಾಗಿ ಮುದ್ದೆ ತಿನ್ನಬಹುದೋ ಬೇಡವೋ ಎಂದು ಹೇಳಲು ನ್ಯೂಟ್ರಿಷನಿಸ್ಟ್ ಇದ್ದಾರೆ. ಹಾಜರಾತಿಗೆ ಆ್ಯಪ್ ಇದೆ, ಫೀಸಿಗೆ ಅದೇ ಆ್ಯಪ್ ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಪ್ರೋಗ್ರೆಸ್ ರಿಪೋರ್ಟ್ ಬರುತ್ತದೆ. ಹಿಂದಿನ ರಿಪೋರ್ಟಿನಲ್ಲಿ ನನ್ನ ಮೊಮ್ಮಗನಿಗೆ ‘ಒತ್ತಡದಲ್ಲಿ ನಿರ್ಧಾರ’ ಎಂಬ ವಿಭಾಗದಲ್ಲಿ ಹತ್ತಕ್ಕೆ ಎಂಟೂವರೆ ಅಂಕ ಕೊಟ್ಟಿದ್ದೀರಿ. ಒತ್ತಡ ಹಾಕಿದ್ದು ಯಾರು ಎಂದು ಯೋಚಿಸಿದೆ. ಸಾಲಾಗಿ ಇಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳು. ಕೋನ್ ಕಾಲು ಅಡ್ಡ ಹಾಕುವುದಿಲ್ಲ, ಜೆರ್ಸಿ ಹಿಡಿದು ಎಳೆಯುವುದಿಲ್ಲ, ಕಾರ್ನರ್ ಸಮಯದಲ್ಲಿ ಪಕ್ಕೆಗೆ ಮೊಣಕೈ ತಿವಿಯುವುದಿಲ್ಲ. ಇಂಥ ಶಿಸ್ತಿನ ಎದುರಾಳಿ ನಮ್ಮ ಕಾಲದಲ್ಲಿ ಸಿಕ್ಕಿದ್ದರೆ ನನ್ನ ಮಂಡಿ ಇವತ್ತಿಗೂ ಮಡಚುತ್ತಿತ್ತು.

“ಮ್ಯಾಚ್ ಯಾವಾಗ ಸಾರ್?” ಎಂದು ಒಮ್ಮೆ ತಮ್ಮ ಕೋಚನ್ನು ಕೇಳಿದೆ. “ಅಂಕಲ್, ನಾವು ರಿಸಲ್ಟ್ ನೋಡಲ್ಲ, ಪ್ರೋಸೆಸ್ ನೋಡ್ತೀವಿ” ಎಂದರು ಆ ಹುಡುಗ. ಪಾಪ, ಒಳ್ಳೆಯ ಹುಡುಗ; ಲೈಸೆನ್ಸ್ ಕೋರ್ಸಿಗೆ ಕೈಯಿಂದ ದುಡ್ಡು ಹಾಕಿ ಓದಿದವರು. ಅವರ ತಪ್ಪಿಲ್ಲ. ಮ್ಯಾಚ್ ಇಡಬೇಕೆಂದರೆ ದೊಡ್ಡ ಮೈದಾನ ಬೇಕು, ರೆಫರಿ ಬೇಕು, ಬಸ್ಸು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮ್ಯಾಚಿನಲ್ಲಿ ಸೋಲು ಎಂಬ ಅಪಾಯ ಇದೆ. ಸೋತರೆ ಅಪ್ಪ ಅಮ್ಮ ಪ್ರಶ್ನೆ ಕೇಳುತ್ತಾರೆ. ಕೋನ್‌ಗೆ ಇಲ್ಲಿಯವರೆಗೆ ಯಾವ ಅಕಾಡೆಮಿಯೂ ಸೋತಿಲ್ಲ.

ಆದರೂ ವರ್ಷಕ್ಕೊಮ್ಮೆ ‘ಇಂಟರ್ನಲ್ ಕಪ್’ ನಡೆಸುತ್ತೀರಿ, ಒಪ್ಪುತ್ತೇನೆ. ಎಲ್ಲರಿಗೂ ಮೆಡಲ್, ಎಲ್ಲರಿಗೂ ಫೋಟೋ.

ಟರ್ಫಿನ ವಿಷಯಕ್ಕೆ ಬರುತ್ತೇನೆ. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ತಮ್ಮದು ಅದರ ಐದನೇ ಒಂದು ಭಾಗವೂ ಇರದ, ಸುತ್ತ ಬಲೆ ಕಟ್ಟಿದ, ಗಂಟೆ ಲೆಕ್ಕದ ಟರ್ಫ್. ಚೆಂಡು ಹೊರಗೆ ಹೋಗುವ ಮಾತೇ ಇಲ್ಲವಾದ್ದರಿಂದ ಥ್ರೋ-ಇನ್ ಕಲಿಸುವ ಶ್ರಮ ಉಳಿದಿದೆ. ಎಂಟು ಗಂಟೆ ಹೊಡೆಯುವ ಮೊದಲೇ ಐಟಿ ಕಂಪನಿಯ ಹುಡುಗರು ಬಿಬ್ ಹಾಕಿಕೊಂಡು ಗೇಟಿನಲ್ಲಿ ನಿಂತಿರುತ್ತಾರೆ. ಎಂಟಕ್ಕೆ ಸರಿಯಾಗಿ ಒಬ್ಬರು ಚಪ್ಪಾಳೆ ತಟ್ಟಿದರೆಂದರೆ ಭಾರತದ ಭವಿಷ್ಯ ನೀರಿನ ಬಾಟಲಿ ಎತ್ತಿಕೊಂಡು ಹೊರಗೆ. ಮನೆಗೆ ಬಂದ ಮೇಲೆ ನನ್ನ ಸೊಸೆ ಬಾಲ್ಕನಿಯಲ್ಲಿ ಶೂ ಬೋರಲು ಹಾಕಿ ಬಡಿಯುತ್ತಾಳೆ, ಕರಿ ರಬ್ಬರ್ ಕಾಳು ಹಿಡಿಗಟ್ಟಲೆ ಉದುರುತ್ತದೆ. ಸಾಕ್ಸಿನಲ್ಲಿ, ಕಿವಿಯಲ್ಲಿ, ಒಮ್ಮೊಮ್ಮೆ ಸಾರಿನಲ್ಲೂ ಸಿಕ್ಕಿದ್ದುಂಟು. ಕಳೆದ ಬೇಸಿಗೆಯಲ್ಲಿ ಅವನನ್ನು ಆಸ್ಟಿನ್ ಟೌನಿನ ನಂದನ್ ಮೈದಾನಕ್ಕೆ ಕರೆದುಕೊಂಡು ಹೋದೆ. ಮೈದಾನ ನೋಡಿ “ತಾತ, ಇದು ಇಷ್ಟು ದೊಡ್ಡದಾ?” ಎಂದ.

ತಮ್ಮ ಹೋರ್ಡಿಂಗಿನಲ್ಲಿ ‘ಲಾ ಮಾಸಿಯಾ ಮಾದರಿ’ ಎಂದಿದೆ. ಹೆಮ್ಮೆಯಾಯಿತು. ಬಾರ್ಸಿಲೋನಾದ ಆ ಲಾ ಮಾಸಿಯಾ 1702ರಲ್ಲಿ ಕಟ್ಟಿದ ತೋಟದಮನೆ. 1979ರಲ್ಲಿ ಅದು ಕ್ಲಬ್ಬಿನ ಹುಡುಗರ ಹಾಸ್ಟೆಲ್ ಆಯಿತು. ಮೆಸ್ಸಿ, ಶಾವಿ, ಇನಿಯೆಸ್ತಾ ಆ ವ್ಯವಸ್ಥೆಯಿಂದ ಬಂದವರು. 2012ರ ನವೆಂಬರಿನಲ್ಲಿ ಲೆವಾಂತೆ ವಿರುದ್ಧದ ಲೀಗ್ ಪಂದ್ಯದಲ್ಲಿ ಬಾರ್ಸಿಲೋನಾ ಪರ ಕಣದಲ್ಲಿದ್ದ ಹನ್ನೊಂದೂ ಮಂದಿ ಅಕಾಡೆಮಿಯ ಹುಡುಗರೇ ಆಗಿದ್ದರು. ಅಲ್ಲಿ ಹುಡುಗರು ವಾರವೆಲ್ಲ ಅಭ್ಯಾಸ ಮಾಡಿ ವಾರಾಂತ್ಯದಲ್ಲಿ ಲೀಗ್ ಆಡುತ್ತಾರೆ. ತಾವು ಆ ಮಾದರಿಯಲ್ಲಿ ವಾರಾಂತ್ಯವೊಂದನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಂದಿದ್ದೀರಿ. ಚಪ್ಪರ ಹಾಕಿ, ವಾದ್ಯದವರನ್ನು ಕರೆಸಿ, ಊಟಕ್ಕೆ ಎಲೆ ಹಾಕಿ, ಮದುಮಗನಿಗೆ ಹೇಳಿ ಕಳಿಸುವುದನ್ನು ಮರೆತ ಮದುವೆಯಂತೆ.

ಇನ್ನು ವಯಸ್ಸು. ನಮ್ಮ ದೇಶದಲ್ಲಿ ಫುಟ್‌ಬಾಲ್ ಆಡುವ ಹುಡುಗನಿಗೆ ಮೂರು ಜನ್ಮದಿನ: ಆಧಾರಿನಲ್ಲಿ ಒಂದು, ಶಾಲೆಯ ಟಿಸಿಯಲ್ಲಿ ಇನ್ನೊಂದು, ಮಣಿಕಟ್ಟಿನ ಎಲುಬಿನಲ್ಲಿ ಮತ್ತೊಂದು. ಮೂರನೆಯದನ್ನು ಪತ್ತೆ ಹಚ್ಚಲು ದೇಶದ ಫುಟ್‌ಬಾಲ್ ಫೆಡರೇಷನ್ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ, ಟಿಡಬ್ಲ್ಯೂ-3 ಎಂದು ಅದರ ಹೆಸರು. ಒಳ್ಳೆಯ ವ್ಯವಸ್ಥೆ. ಆದರೆ ಆ ಎಕ್ಸ್-ರೇಗೂ ಮೊದಲು ತಮ್ಮ ಟ್ರಯಲ್ಸ್ ಎಂಬ ಜರಡಿ ಇದೆಯಲ್ಲ, ಅದರ ಕಣ್ಣು ಬಲು ಸೂಕ್ಷ್ಮ. ಹದಿಮೂರರ ಹುಡುಗರ ಸಾಲಿನಲ್ಲಿ ಮೀಸೆ ಚಿಗುರಿದವನು ಥಟ್ಟನೆ ಸೆಲೆಕ್ಟ್. ಕುಳ್ಳಗೆ, ಸಣ್ಣಗೆ, ಚೆಂಡನ್ನು ಮಾತಾಡಿಸಬಲ್ಲ ಹುಡುಗ “ಮುಂದಿನ ವರ್ಷ ನೋಡೋಣ”. ಹದಿನೆಂಟಕ್ಕೆ ಬಂದಾಗ ಎಲ್ಲರೂ ಒಂದೇ ಎತ್ತರ ಆಗಿರುತ್ತಾರೆ. ಅಷ್ಟರಲ್ಲಿ ಕುಳ್ಳ ಹುಡುಗ ಡಿಪ್ಲೊಮಾ ಸೇರಿಯಾಗಿದೆ, ಮೀಸೆಯವನಿಗೆ ಮೀಸೆಯೊಂದೇ ಉಳಿದಿದೆ.

ಹಳೆಯ ಕಥೆ ಹೇಳಿದರೆ ತಮಗೆ ಆಕಳಿಕೆ ಬರುತ್ತದೆ ಎಂದು ಗೊತ್ತು, ಚುಟುಕಾಗಿ ಹೇಳುತ್ತೇನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರು. (ಅದೇ ಪಂದ್ಯದಲ್ಲಿ ಭಾರತ ಪೆನಾಲ್ಟಿಗಳನ್ನೂ ವ್ಯರ್ಥ ಮಾಡಿತು. ಬೆಂಗಳೂರು ಎರಡನ್ನೂ ಮರೆತಿದೆ, ಲೆಕ್ಕ ಚುಕ್ತಾ.) ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇಲ್ಲಿಂದಲೇ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂಬ ಐವರು ಫಾರ್ವರ್ಡ್‌ಗಳಲ್ಲಿ ಸೇರಿದವರು. ಆಗ ಅಕಾಡೆಮಿ ಎಂಬ ಬೋರ್ಡು ಇರಲಿಲ್ಲ. ದಂಡು ಪ್ರದೇಶದ ಮೈದಾನಗಳಿದ್ದವು, ಲೀಗ್ ಇತ್ತು, ಮುಂದೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಬಂದವು. ಚೆನ್ನಾಗಿ ಆಡಿದವನಿಗೆ ಕೆಲಸ, ಕ್ವಾರ್ಟರ್ಸ್, ಕ್ಯಾಂಟೀನಿನಲ್ಲಿ ಒಂದು ಮೊಟ್ಟೆ ಹೆಚ್ಚು. ಎಚ್‌ಎಎಲ್ ತಂಡ 2011-12ರವರೆಗೂ ಐ-ಲೀಗಿನಲ್ಲಿ ಆಡುತ್ತಿತ್ತು. ಗೌತಮಪುರದ ಹುಡುಗ ಬೆವರು ಸುರಿಸಿದರೆ ಮನೆಗೆ ಸಂಬಳ ಬರುತ್ತಿತ್ತು. ಈಗ ಬೆವರು ಸುರಿಸುವುದಕ್ಕೂ ಮೊದಲೇ ಮನೆಯಿಂದ ಫೀಸು ಹೋಗುತ್ತದೆ. ಇದನ್ನು ಪ್ರಗತಿ ಅನ್ನದೆ ಇನ್ನೇನನ್ನಲಿ!

ಹಾಗಂತ ತಾವು ಬಡವರ ವಿರೋಧಿಗಳಲ್ಲ. ಪೆಲೆಯ ಪ್ರತಿಮೆ ನಿಲ್ಲಿಸಿ ಪೂಜಿಸುವ ಆ ಗೌತಮಪುರದಿಂದಲೇ ಇಬ್ಬರು ಮೂವರನ್ನು ‘ಫುಲ್ ಸ್ಕಾಲರ್‌ಶಿಪ್’ ಎಂದು ಕರೆತರುತ್ತೀರಿ. ಟರ್ಫಿನಲ್ಲಿ ಮಿಂಚುವುದು ಅವರು, ಹೋರ್ಡಿಂಗಿನಲ್ಲಿ ನಗುವುದು ಫೀಸು ಕಟ್ಟಿದವರ ಮಕ್ಕಳು. ಸ್ಕಾಲರ್‌ಶಿಪ್ ಹುಡುಗನಿಗೆ ಮೊದಲು ಚೆಂಡು ಕೊಟ್ಟ ಕೇರಿಯ ಕೋಚಿನ ಹೆಸರು ತಮ್ಮ ಯಾವ ಕಾಗದದಲ್ಲೂ ಇರುವುದಿಲ್ಲ. ಫಿಫಾದ ನಿಯಮವೊಂದಿದೆ: ಕ್ಲಬ್ಬೊಂದು ಆಟಗಾರನನ್ನು ಹಣ ಕೊಟ್ಟು ಬೇರೆ ದೇಶದ ಕ್ಲಬ್ಬಿನಿಂದ ಕೊಂಡರೆ, ಆ ಹಣದಲ್ಲಿ ಶೇ. 5ರಷ್ಟು, 12ರಿಂದ 23ನೇ ವಯಸ್ಸಿನ ನಡುವೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ನಮ್ಮ ಹುಡುಗರನ್ನು ಹೊರಗಿನವರು ಕೊಂಡದ್ದೆಷ್ಟು? ಸೊನ್ನೆಯ ಶೇ. 5 ಎಷ್ಟೆಂದು ಏಳನೇ ಕ್ಲಾಸಿನ ನನ್ನ ಮೊಮ್ಮಗ ಬಾಯಿಲೆಕ್ಕದಲ್ಲಿ ಹೇಳುತ್ತಾನೆ.

ತಪ್ಪೆಲ್ಲ ತಮ್ಮದೇ ಎಂದು ಹೇಳುವಷ್ಟು ಕೃತಘ್ನನಲ್ಲ ನಾನು. ಮನೆಯಲ್ಲೇ ಒಬ್ಬ ಡಿಫೆಂಡರ್ ಇದ್ದಾನೆ, ಅವನ ಹೆಸರು ಎಸ್ಸೆಸ್ಸೆಲ್ಸಿ. ಕರ್ನಾಟಕದ ಯಾವ ಸ್ಟ್ರೈಕರೂ ಅವನನ್ನು ಸುಲಭವಾಗಿ ದಾಟಿಲ್ಲ. ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ವಾರವೇ ಹುಡುಗನ ಬೂಟು ಅಟ್ಟ ಸೇರುತ್ತದೆ, ಟ್ಯೂಷನ್ನಿನ ಬ್ಯಾಗು ಇಳಿಯುತ್ತದೆ. “ಹತ್ತು ಮುಗೀಲಿ, ಆಮೇಲೆ ಆಡ್ತಾನೆ” ಎನ್ನುತ್ತಾನೆ ನನ್ನ ಮಗ. ಹತ್ತು ಮುಗಿದರೆ ಪಿಯುಸಿ ಇದೆ, ಸಿಇಟಿ ಇದೆ. ಮಗನನ್ನು ಬಯ್ಯೋಣವೆಂದರೆ ಬಾಯಿ ಬರುವುದಿಲ್ಲ. ಅವನು ಕೇಳುವ ಪ್ರಶ್ನೆ ಒಂದೇ: “ಆಡಿ ಮುಂದೆ ಎಲ್ಲಿಗೆ ಹೋಗ್ತಾನಪ್ಪಾ?”

ಹೌದು, ಎಲ್ಲಿಗೆ? 2025ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ನಮ್ಮ ಅಂಡರ್-17 ಹುಡುಗರು ಇರಾನನ್ನು 2-1ರಿಂದ ಸೋಲಿಸಿ ತಮ್ಮ ವಯಸ್ಸಿನವರ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆದರು. ಇರಾನನ್ನು! ಅದಕ್ಕೆ ಒಂದೂವರೆ ತಿಂಗಳು ಮುಂಚೆ ಗೋವಾದಲ್ಲಿ ನಮ್ಮ ಹಿರಿಯರ ತಂಡ ಸಿಂಗಪುರಕ್ಕೆ 1-2ರಿಂದ ಸೋತು 2027ರ ಏಷ್ಯನ್ ಕಪ್ಪಿನಿಂದ ಹೊರಬಿದ್ದಿತ್ತು. ಅಂದರೆ ಹದಿನಾರಕ್ಕೆ ಇರಾನಿಗೆ ಸಮನಾಗಿ ನಿಲ್ಲುವ ಹುಡುಗ ಇಪ್ಪತ್ತೆರಡಕ್ಕೆ ಸಿಂಗಪುರಕ್ಕೂ ಸಾಲದೆ ಹೋಗುತ್ತಾನೆ. ನಡುವಿನ ಆರು ವರ್ಷ ಅವನೇನು ಮಾಡುತ್ತಿರುತ್ತಾನೆ? ಬೆಂಚಿನ ಮೇಲೆ ಕೂತಿರುತ್ತಾನೆ, ಕೂರಲು ಬೆಂಚಾದರೂ ಸಿಕ್ಕಿದ್ದರೆ. 2017ರ ಅಂಡರ್-17 ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರನ್ನು ಜೀಕ್ಸನ್ ಸಿಂಗ್ ತಲೆ ಕೊಟ್ಟು ಗೋಲು ಮಾಡಿದಾಗ ದೇಶವೇ ಎದ್ದು ನಿಂತಿತ್ತು. ಆ ಹುಡುಗರಿಗೆ ಪಂದ್ಯ ಸಿಗಲಿ ಎಂದು ಫೆಡರೇಷನ್ ‘ಇಂಡಿಯನ್ ಆ್ಯರೋಸ್’ ತಂಡವನ್ನು ಮತ್ತೆ ಕಟ್ಟಿತು. 2022ರಲ್ಲಿ ಅದನ್ನು ಮುಚ್ಚಿಯೂ ಬಿಟ್ಟಿತು. 2025ರ ಜುಲೈನಲ್ಲಂತೂ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದರು. ಫೆಡರೇಷನ್ನಿಗೂ ವಾಣಿಜ್ಯ ಹಕ್ಕಿನ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಮುಗಿಯುತ್ತ ಬಂದಿತ್ತು, ಮುಂದೇನೆಂದು ಯಾರೂ ಬರೆದಿಟ್ಟಿರಲಿಲ್ಲ. ಆ ವರ್ಷ ಮುಗಿದರೂ ಸೀಸನ್ ಶುರುವಾಗಲಿಲ್ಲ. ಮ್ಯಾಚಿಲ್ಲದ ಫುಟ್‌ಬಾಲ್ ಎಂಬ ತಮ್ಮ ಸಿದ್ಧಾಂತವನ್ನು ದೇಶದ ಅತ್ಯುನ್ನತ ಮಟ್ಟದಲ್ಲೇ ಜಾರಿಗೆ ತಂದರು. ತಮಗೆ ರಾಯಧನ ಸಿಕ್ಕಿತೋ ಇಲ್ಲವೋ ತಿಳಿಯದು.

ಗೋಲು ಹೊಡೆಯುವವರ ಪಟ್ಟಿಯನ್ನೂ ನೋಡಿ. 2024-25ರ ಸೂಪರ್ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಸುನಿಲ್ ಛೆಟ್ರಿ, 14 ಗೋಲು. ವಯಸ್ಸು ನಲವತ್ತು. 2024ರ ಜೂನಿನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿ, ಎಲ್ಲರನ್ನೂ ಅಳಿಸಿ ಹೋಗಿದ್ದವರನ್ನು ಮುಂದಿನ ಮಾರ್ಚಿನಲ್ಲಿ ವಾಪಸ್ ಕರೆಸಲಾಯಿತು. ಅವರ ಕಾಲಿಗೆ ಬೀಳಬೇಕು, ಅದು ಬೇರೆ ಮಾತು. ಆದರೆ ದೇಶದ ಅಕಾಡೆಮಿಗಳೆಲ್ಲ ಸೇರಿ ಅವರಿಗೆ ಒಂದು ನೆಮ್ಮದಿಯ ನಿವೃತ್ತಿಯನ್ನೂ ಕೊಡಲಾಗಲಿಲ್ಲವಲ್ಲ! ಕಾರಣ ಸರಳ. ಕ್ಲಬ್ಬುಗಳು ಸ್ಟ್ರೈಕರ್ ಜಾಗಕ್ಕೆ ವಿದೇಶಿಯರನ್ನೇ ತರುತ್ತವೆ, ತಮ್ಮ ಹುಡುಗನಿಗೆ ರೈಟ್ ಬ್ಯಾಕ್ ಆಗು ಎನ್ನುತ್ತವೆ.

ಆಡಿಸಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಬೆಂಗಳೂರು ಎಫ್‌ಸಿ ಬಳ್ಳಾರಿ ಕಡೆ ವಸತಿ ಅಕಾಡೆಮಿ ಕಟ್ಟಿತು. 2022ರಲ್ಲಿ ಯುವಕರಿಗಾಗಿ ಡೆವಲಪ್‌ಮೆಂಟ್ ಲೀಗ್ ಶುರುವಾದಾಗ ಮೊದಲ ಪ್ರಶಸ್ತಿ ಗೆದ್ದದ್ದು ಅದೇ ಕ್ಲಬ್ಬಿನ ಹುಡುಗರು. 2023ರ ಮಾರ್ಚಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತು. ಫೈನಲ್ ನಡೆದದ್ದು ಸೌದಿಯ ರಿಯಾದಿನಲ್ಲಿ. ಇಲ್ಲಿನವರು ಟೀವಿಯಲ್ಲಿ ನೋಡಿದರು. ಬಹುಪಾಲು ಜನ ಅದನ್ನೂ ನೋಡಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ವಿನಂತಿ. ಜಿಪಿಎಸ್ ಬನಿಯನ್ ತಮ್ಮಲ್ಲೇ ಇರಲಿ. ಅಕ್ಕಪಕ್ಕದ ಬಡಾವಣೆಗಳ ಅಕಾಡೆಮಿಗಳಿಗೆ ಒಂದು ಫೋನು ಮಾಡಿ. ಜೂನ್‌ನಿಂದ ಫೆಬ್ರುವರಿವರೆಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಡರ್-13, ಎಂಟೂವರೆಗೆ ಅಂಡರ್-15, ಪೂರ್ಣ ಅಳತೆಯ ಮೈದಾನದಲ್ಲಿ, ಹನ್ನೊಂದು ಜನ ಹನ್ನೊಂದು ಜನರ ಎದುರು. ಸ್ಕಾಲರ್‌ಶಿಪ್ ಹುಡುಗನ ಕೇರಿಯ ತಂಡವನ್ನೂ ಕರೆಯಿರಿ. ಸೋಲುತ್ತೀರಿ, ಪರವಾಗಿಲ್ಲ. ಆಸ್ಟಿನ್ ಟೌನಿನ ನಮ್ಮ ಹಳೇ ಆಟಗಾರರೆಲ್ಲ ಸೇರಿ ರೆಫರಿ ಮತ್ತು ಲೈನ್ಸ್‌ಮನ್‌ಗಳ ಭತ್ಯೆ ಹಾಕಿಕೊಳ್ಳುತ್ತೇವೆ. ಗೆರೆ ಎಳೆಯಲು ಸುಣ್ಣದ ಪುಡಿ ನಾನೇ ತರುತ್ತೇನೆ. ತಾವು ಮೈದಾನದ ಬಾಡಿಗೆ ಕಟ್ಟಿ, ಹುಡುಗರನ್ನು ಹೊತ್ತಿಗೆ ಸರಿಯಾಗಿ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಲೆಫ್ಟ್ ಬ್ಯಾಕ್