ಒಡ್ಯಾಣ ತೊಟ್ಟ ಡಬ್ಬಿ

ನಮ್ಮ ಭಾವ ಯಾವುದಾದರೂ ವಸ್ತುವಿನ ಬಗ್ಗೆ ‘ತಗೊಳ್ಳಬಹುದನಾ ಮಾರಾಯ?’ ಎಂದು ಕೇಳಿದರು ಎಂದರೆ, ಅದಕ್ಕೆ ದುಡ್ಡು ಕಟ್ಟಿ ಎರಡು ದಿನವಾಗಿದೆ ಎಂದು ಅರ್ಥ. ಇದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅಕ್ಕನಿಗೆ ಮದುವೆಯಾದ ತಿಂಗಳಲ್ಲೇ ತಿಳಿಯಿತಂತೆ.

ಭಾವ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದ ಮನೆ. ಈಗ ಇರುವುದು ಇಂಗ್ಲೆಂಡಿನ ವೋಕಿಂಗ್‌ನಲ್ಲಿ. ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಪುಸ್ತಕ ಓದುವವರಿಗೆ ವೋಕಿಂಗ್ ಎಂದರೆ ಎಚ್. ಜಿ. ವೆಲ್ಸ್. ಅವನ ಕಾದಂಬರಿಯಲ್ಲಿ ಮಂಗಳ ಗ್ರಹದವರು ಬಂದು ಬೀಳುವುದು ಈ ಊರಿನ ಪಕ್ಕದ ಹಾರ್ಸೆಲ್ ಕಾಮನ್ ಬಯಲಿನಲ್ಲಿ. ಅವರ ಮೂರು ಕಾಲಿನ ಯಂತ್ರದ ಪ್ರತಿಮೆಯೇ ಪೇಟೆ ನಡುವೆ ನಿಂತಿದೆ. ಭಾವನಿಗೆ ಆ ವೆಲ್ಸ್ ಬೇಡ. ಅವರಿಗೆ ವೋಕಿಂಗ್ ಎಂದರೆ ಪಾಲ್ ವೆಲ್ಲರ್, 1958ರಲ್ಲಿ ಅಲ್ಲೇ ಹುಟ್ಟಿದ ಹಾಡುಗಾರ. ಮೊದಲು ‘ದಿ ಜ್ಯಾಮ್’, ಆಮೇಲೆ ‘ಸ್ಟೈಲ್ ಕೌನ್ಸಿಲ್’, 1990ರ ದಶಕದಿಂದ ಒಬ್ಬಂಟಿ. ಬಾಲ್ಯ ಕಳೆದ ಬೀದಿಯ ಹೆಸರನ್ನೇ 1995ರಲ್ಲಿ ಆಲ್ಬಮ್ಮಿಗೆ ಇಟ್ಟ: ‘ಸ್ಟ್ಯಾನ್ಲಿ ರೋಡ್’. ಆ ಬೀದಿ ಹಾಯುವಾಗ ಭಾವ, ನಮ್ಮ ಕಡೆ ಬಸ್ಸು ದೇವಸ್ಥಾನ ದಾಟುವಾಗ ಜನ ಎದೆ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ ಮಾಡುತ್ತಾರೆ. ಎದೆ ಕೆರೆದುಕೊಂಡೆ ಎಂದು ಆಮೇಲೆ ಸಾಧಿಸುತ್ತಾರೆ.

ಈ ಸಲ ನಾನು ಅವರ ಮನೆಗೆ ಹೋಗಿದ್ದಾಗ ‘ತಗೊಳ್ಳಬಹುದನಾ’ ಎಂದು ಕೇಳಿದ್ದು ‘ಮೋರ್ ವುಡ್’ ಎಂಬ ಸಿಡಿಯ ಬಗ್ಗೆ. 1993ರಲ್ಲಿ ಜಪಾನಿನಲ್ಲಿ ಬಿಟ್ಟದ್ದು. ವೆಲ್ಲರ್ ಒಬ್ಬಂಟಿಯಾದ ಮೇಲಿನ ಬಿ-ಸೈಡುಗಳ ಗಂಟು.

ಬಿ-ಸೈಡ್ ಎಂದರೇನು ಎಂದು ನಾನು ಕೇಳಬಾರದಿತ್ತು. ಊಟಕ್ಕೆ ಕೂತಿದ್ದೆವು, ತಟ್ಟೆಯಲ್ಲಿ ದೋಸೆ ಇತ್ತು. ಭಾವ ಅದನ್ನೇ ಎತ್ತಿ ಹಿಡಿದರು. “ಇದು ಕಾವಲಿ ಮುಟ್ಟಿದ ಬದಿ. ಕೆಂಪಗೆ, ಗರಿಗರಿ. ಗಿರಾಕಿಗೆ ಇದನ್ನೇ ತೋರಿಸಿ ಮಡಚೋದು. ಇದು ಎ-ಸೈಡ್. ಇದರ ಬೆನ್ನು ನೋಡು. ಬೆಳ್ಳಗೆ, ಮೆತ್ತಗೆ, ಯಾರೂ ನೋಡಲ್ಲ. ಆದ್ರೆ ಚಟ್ನಿ ಹೀರೋದು ಯಾವ ಬದಿ?” ಅಕ್ಕ ದೋಸೆ ತಣ್ಣಗಾಗ್ತಿದೆ ಎಂದಳು.

ಆಮೇಲೆ ಶುರುವಾಯಿತು. ‘ರಾಕ್ ಅರೌಂಡ್ ದಿ ಕ್ಲಾಕ್’ 1954ರಲ್ಲಿ ಬಂದಾಗ ಗಾನದ ತಟ್ಟೆಯ ಹಿಂಬದಿಯಲ್ಲಿತ್ತು, ಮುಂಬದಿಯ ಹಾಡು ಈಗ ಯಾರಿಗೂ ನೆನಪಿಲ್ಲ. ‘ಐ ವಿಲ್ ಸರ್ವೈವ್’ ಕೂಡ ಹಿಂಬದಿಯದೇ. ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ಯ ಬೆನ್ನಿಗೆ ಡ್ರಮ್ ಬಾರಿಸುವವನು ಕಾರಿನ ಮೇಲಿನ ಪ್ರೀತಿಯ ತನ್ನ ಹಾಡೊಂದನ್ನು ಅಂಟಿಸಿದ. ತಟ್ಟೆ ಮಾರಿದರೆ ಎರಡು ಬದಿಯ ಹಾಡು ಬರೆದವರಿಗೂ ಸಮಪಾಲು. ಹೀಗಾಗಿ ಫ್ರೆಡ್ಡಿ ಮರ್ಕ್ಯುರಿಯಷ್ಟೇ ದುಡ್ಡು ಕಾರಿನವನಿಗೂ ಬಂತು. (ನನಗೆ ಈ ವಿಷಯದಲ್ಲಿ ಇಷ್ಟವಾದದ್ದು ಇದೊಂದೇ. ಮದುವೆ ಮನೆಯಲ್ಲಿ ಅಡುಗೆಯವರ ಜೊತೆ ಬಂದವನಿಗೂ ಉಡುಗೊರೆ ಸಿಗುವ ಹಾಗೆ.) ನಾನು ಆಕಳಿಸಿದ್ದು ಕಂಡು ಕೊನೆಯ ಬಾಣ ಬಿಟ್ಟರು: ಬೀಟಲ್ಸ್‌ನ ‘ದಿ ಇನ್ನರ್ ಲೈಟ್’, ಜಾರ್ಜ್ ಹ್ಯಾರಿಸನ್ ಬರೆದದ್ದು, 1968ರ ಬಿ-ಸೈಡ್. ವಾದ್ಯಗಳನ್ನು ನುಡಿಸಿದವರು ನಮ್ಮವರು, ಮುದ್ರಿಸಿದ್ದು ಬೊಂಬಾಯಿಯಲ್ಲಿ. “ಬೊಂಬಾಯಿಯಲ್ಲಾ?” ಎಂದು ನೆಟ್ಟಗೆ ಕೂತೆ. ಭಾವ ಗೆದ್ದ ಮುಖ ಮಾಡಿ ದೋಸೆ ತಿಂದರು.

ಹಾಗಾದರೆ ಕೊಳ್ಳಬಹುದೇ? ನ್ಯಾಯವಾಗಿ ಹೇಳುತ್ತೇನೆ, ಭಾವನ ಪಕ್ಷದಲ್ಲೂ ಸತ್ಯವಿದೆ. 1989ರಲ್ಲಿ ಸ್ಟೈಲ್ ಕೌನ್ಸಿಲ್ ಮಾಡಿಕೊಟ್ಟ ಆಲ್ಬಮ್ಮನ್ನು ಕಂಪನಿ ಬೇಡವೆಂದು ವಾಪಸು ಕಳಿಸಿತು, ತಂಡ ಮುರಿಯಿತು. ವೆಲ್ಲರನ ಮೊದಲ ಒಬ್ಬಂಟಿ ಆಲ್ಬಮ್ 1992ರಲ್ಲಿ ಮೊದಲು ಹೊರಬಂದದ್ದು ಜಪಾನಿನಲ್ಲಿ, ಬ್ರಿಟನ್ನಿಗೆ ಆಮೇಲೆ. “ಹುಟ್ಟೂರು ಕೈಬಿಟ್ಟಾಗ ಕೈ ಹಿಡಿದೋರು ಜಪಾನಿನೋರು ಕಣೋ” ಎನ್ನುವಾಗ ಭಾವನ ಕಣ್ಣು ತೇವವಾಗುತ್ತದೆ. ಸ್ವಂತ ಊರು ಬಿಟ್ಟು ಮೂವತ್ತು ವರ್ಷವಾದವರಿಗೆ ಇಂಥ ಕಡೆ ಕಣ್ಣು ಬೇಗ ತೇವವಾಗುತ್ತದೆ.

ಇನ್ನೊಂದು ಪಕ್ಷವೂ ಇದೆ, ಅದು ಅಕ್ಕನದು. ಆ ಕಾಲದ ಬ್ರಿಟನ್ನಿನಲ್ಲಿ ಒಂದು ಹಾಡನ್ನು ಪೇಟೆಗೆ ಬಿಡುವಾಗ ಸಿಡಿಯಲ್ಲೊಮ್ಮೆ, ಇನ್ನೊಂದು ಸಿಡಿಯಲ್ಲೊಮ್ಮೆ, ಕ್ಯಾಸೆಟ್ಟಿನಲ್ಲೊಮ್ಮೆ, ತಟ್ಟೆಯಲ್ಲೊಮ್ಮೆ ಬಿಡುವ ರೂಢಿ. ಮುಂದಿನ ಹಾಡು ಒಂದೇ, ಬೆನ್ನಿಗೆ ಬರುವವು ಬೇರೆ ಬೇರೆ. ಭಾವನಂಥವರು ಎಲ್ಲವನ್ನೂ ಕೊಳ್ಳುತ್ತಾರೆ, ಹಾಡು ಪಟ್ಟಿಯಲ್ಲಿ ಮೇಲೇರುತ್ತದೆ. ಅಷ್ಟು ಬೆನ್ನು ತುಂಬಿಸಲು ಹಾಡುಗಾರ ಎಲ್ಲಿಂದ ತರಬೇಕು? ಕಚೇರಿಯಲ್ಲಿ ಹಾಡಿದ್ದು, ಬೇರೆಯವರ ಹಾಡು, ತನ್ನದೇ ಹಾಡನ್ನು ಹಿಗ್ಗಿಸಿ ಕಲಸಿದ್ದು, ಎಲ್ಲ ಸೇರಿಸುತ್ತಾನೆ. ಭಾವ ಇವನ್ನೆಲ್ಲ ನನಗೆ ಕೇಳಿಸಿದ್ದಾರೆ. ಮೂರರಲ್ಲೊಂದು ಚೆನ್ನಾಗಿದೆ, ಗಿಟಾರ್ ಒಂದನ್ನೇ ಇಟ್ಟುಕೊಂಡು ಹಾಡಿದವಂತೂ ಬಹಳ ಚೆನ್ನಾಗಿವೆ. ಉಳಿದವು ನಿನ್ನೆಯ ಸಾರಿಗೆ ನೀರು ಬೆರೆಸಿ ಕುದಿಸಿದ ಹಾಗೆ. ಅದೂ ಕೆಲವರಿಗೆ ಇಷ್ಟ, ಬೇಡವೆನ್ನಲಾರೆ.

ಆದರೆ ಭಾವ ಹಾಡಿನ ಸುದ್ದಿಗೇ ಬರುವುದಿಲ್ಲ. ಅವರ ಅಪ್ಪ ಅಂಗಳದಲ್ಲಿ ಕೂತು ಅಡಿಕೆ ಆರಿಸುತ್ತಿದ್ದ ಕಣ್ಣೇ ಇವರದು. ಹಳೆ ಡಿಸ್ಕಿನ ವ್ಯಾಪಾರಿಗಳು ಮಿಂಟ್, ನಿಯರ್ ಮಿಂಟ್ ಎಂದು ದರ್ಜೆ ಬರೆಯುತ್ತಾರೆ. ಭಾವ ಅದನ್ನು ಒಪ್ಪುವುದಿಲ್ಲ, ಅವರಿಗೆ ಅಡಿಕೆಯ ದರ್ಜೆಯೇ ಬೇಕು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, “ಇವನು ಹಸ ಅಂತ ಬರೆದಿದ್ದಾನೆ, ಇದು ಬೆಟ್ಟೆ” ಎಂದು ತೀರ್ಪು ಕೊಡುತ್ತಾರೆ. ಮೂಲೆ ಸೀಳಿದ್ದರೆ ರಾಶಿ. ಯಾರಾದರೂ ಹೆಸರು ಗೀಚಿದ್ದರೆ ಗೊರಬಲು, ಅದನ್ನು ಮುಟ್ಟುವುದೂ ಇಲ್ಲ. ಸೋಹೋದ ಬೆರ್ವಿಕ್ ಬೀದಿಯ ಅಂಗಡಿಯೊಂದರಲ್ಲಿ ಅವರು ಕೌಂಟರಿನವನ ಎದುರೇ ‘ಗೊರಬಲು’ ಎಂದು ಗೊಣಗಿದ್ದಕ್ಕೆ ನಾನು ಸಾಕ್ಷಿ. ಅವನು ಅದೊಂದು ತಂಡದ ಹೆಸರು ಎಂದುಕೊಂಡು ಕಪಾಟಿನಲ್ಲಿ ಹುಡುಕಿದ.

ಜಪಾನಿನ ಸಿಡಿ ಎಂದ ಮೇಲೆ ಅದಕ್ಕೊಂದು ಕಾಗದದ ಪಟ್ಟಿ ಇರುತ್ತದೆ. ಡಬ್ಬಿಯ ಬೆನ್ನನ್ನು ತಬ್ಬಿಕೊಂಡ ಹಾಗೆ ಎರಡು ಬೆರಳಗಲ, ಮೇಲೆ ಜಪಾನಿ ಅಕ್ಷರ, ಬೆಲೆ. ಅದರ ಹೆಸರು ಓಬಿ. ಕಿಮೋನೋ ಉಟ್ಟವರು ಸೊಂಟಕ್ಕೆ ಬಿಗಿಯುವ ಪಟ್ಟಿಗೂ ಅದೇ ಹೆಸರು. ಓಬಿ ಇದ್ದರೆ ಒಂದು ಬೆಲೆ, ಕಳೆದಿದ್ದರೆ ಬೇರೆ ಬೆಲೆ. ಇದನ್ನು ಭಾವ ವಿವರಿಸುತ್ತಿದ್ದಾಗ ಅಕ್ಕ ಒಳಗಿನಿಂದ ಬಂದಳು. “ಮದುವೆಗೆ ಒಡ್ಯಾಣ ಮಾಡಿಸ್ತೀನಿ ಅಂದಿದ್ರಿ. ಡಬ್ಬಿಗೆ ಮಾಡಿಸಿದ್ರಿ.” ಭಾವನಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ, “ಇದು ಕಾಗದದ್ದು ಕಣೇ” ಎಂದರು.

ಬೆಲೆ ಎಷ್ಟು? ಅಕ್ಕನಿಗೆ ಅರ್ಧ ಹೇಳಿದ್ದಾರೆ, ನನಗೆ ಮುಕ್ಕಾಲು. ಪೂರ್ತಿ ಬಲ್ಲವನು ಟೋಕಿಯೋದ ವ್ಯಾಪಾರಿ ಮಾತ್ರ. ಅಂಚೆಯವರು ‘ಸುಂಕ ಕಟ್ಟಿ ಬಿಡಿಸಿಕೊಳ್ಳಿ’ ಎಂಬ ಚೀಟಿಯನ್ನು ಹಗಲು ಹೊತ್ತು, ಭಾವ ಆಫೀಸಿನಲ್ಲಿರುವಾಗ ಹಾಕಿಹೋದರು. ಹಾಗಾಗಿ ಅರ್ಧ ಆ ಸಂಜೆಯೇ ಮುಕ್ಕಾಲಾಯಿತು. ಸ್ಟ್ಯಾನ್ಲಿ ರೋಡಿನಿಂದ ನಡೆದರೆ ಹತ್ತು ನಿಮಿಷದ ಮನೆಗೆ ಸ್ಟ್ಯಾನ್ಲಿ ರೋಡಿನ ಹುಡುಗನ ಹಾಡು ಟೋಕಿಯೋದಿಂದ ವಿಮಾನದಲ್ಲಿ ಬಂದು ಸುಂಕ ಕಟ್ಟಿಸಿಕೊಂಡಿತ್ತು. ತೀರ್ಥಹಳ್ಳಿಯವರು ಸಿಂಗಪುರದಿಂದ ಅಡಿಕೆ ತರಿಸಿದ ಹಾಗೆ.

ನಾನು ಸುಮ್ಮನಿರಬೇಕಿತ್ತು. “ಭಾವ, 2003ರಲ್ಲಿ ‘ಫ್ಲೈ ಆನ್ ದಿ ವಾಲ್’ ಅಂತ ಮೂರು ಸಿಡಿಯ ಪೆಟ್ಟಿಗೆ ಇಲ್ಲೇ ಬಂದಿದೆಯಲ್ಲ? ಬಿ-ಸೈಡುಗಳದ್ದೇ. ಕಪಾಟಿನಲ್ಲೇ ಇದೆ.”

“ಇದೆ.”

“ಮತ್ತೆ?”

“ಅದಕ್ಕೆ ಓಬಿ ಇಲ್ಲ.”

ಪಾರ್ಸಲ್ ಬಿಚ್ಚಿದಾಗ ಒಳಗೆ ಎರಡಿದ್ದವು. ಒಂದು ಇಟ್ಟುಕೊಳ್ಳಲು, ಇನ್ನೊಂದು ಅದಕ್ಕೇನಾದರೂ ಆದರೆ. ಹಾಕಿ, ಕೇಳೋಣ ಎಂದೆ. ಭಾವ ನನ್ನನ್ನು ಮಗುವಿಗೆ ಕಾದ ಎಣ್ಣೆ ಕೊಡಲು ಬಂದವನ ಹಾಗೆ ನೋಡಿ, ಮೊಬೈಲಿನಲ್ಲಿ ಅದೇ ಹಾಡು ಹಾಕಿದರು. ಪುಕ್ಕಟೆ. ನಡುವೆ ಬಟ್ಟೆ ಸೋಪಿನ ಜಾಹೀರಾತು ಬಂತು.

ನಾನು ಹೊರಡುವ ದಿನ ಎರಡನೆಯ ಡಬ್ಬಿ ನನ್ನ ಸೂಟ್‌ಕೇಸಿನೊಳಗೆ, ನನ್ನದೇ ಪಂಚೆಯಲ್ಲಿ ಸುತ್ತಿಕೊಂಡು ಸಿಕ್ಕಿತು. “ನಿನ್ನಕ್ಕ ಈಗ ಎಣಿಸೋಕೆ ಶುರು ಮಾಡಿದಾಳೆ. ಊರಲ್ಲಿ ಅಮ್ಮನ ಹತ್ರ ಕೊಡು, ಅಟ್ಟದ ಮೇಲಿಡಲಿ. ತೇವ ತಾಗಬಾರದು, ಗೊತ್ತಾಯ್ತನಾ?” ನಾನು ಹೇಳಿದಂತೆಯೇ ಮಾಡಿದೆ. ತೋಟದ ಮನೆಗೆ ಹೋಗಿ ಭಾವನ ಅಮ್ಮನ ಕೈಗೆ ಕೊಟ್ಟು, ಅಟ್ಟ, ತೇವ, ಎಲ್ಲ ಒಪ್ಪಿಸಿ ಕಾಫಿ ಕುಡಿದು ಬಂದೆ.

ತಿಂಗಳ ಮೇಲೆ ಮತ್ತೆ ಹೋದಾಗ ಜಗುಲಿಯ ಮೇಲಿನ ಪಂಚಾಂಗದಲ್ಲಿ ಎರಡು ಬೆರಳಗಲದ ಪಟ್ಟಿಯೊಂದು ಏಕಾದಶಿಯ ಗುರುತಿಗೆ ಇಣುಕುತ್ತಿತ್ತು. ಡಬ್ಬಿಯಲ್ಲಿ ಏಲಕ್ಕಿ ಇತ್ತು. ಸಿಡಿ ಎಲ್ಲಿ ಎಂದು ಕೇಳುವ ಮೊದಲೇ ಹಿತ್ತಲಿನಲ್ಲಿ ಏನೋ ಮಿಂಚಿತು. ಬಾಳೆಗಿಡಗಳ ನಡುವೆ, ದಾರದಲ್ಲಿ, ಗಾಳಿಗೆ ತಿರುಗುತ್ತಿತ್ತು.

“ಮಗ ಎಂಥದೋ ಕಳಿಸಿದಾನೆ ಅಂತ ಬಿಚ್ಚಿದೆ. ಒಳ್ಳೇದೇ ಕಳಿಸಿದಾನೆ” ಎಂದರು ಅಮ್ಮ. “ಇದನ್ನ ಕಟ್ಟಿದ ಮೇಲೆ ಒಂದು ಮಂಗವೂ ಈ ಕಡೆ ಬಂದಿಲ್ಲ.”

ಆ ರಾತ್ರಿ ಭಾವನ ಫೋನು ಬಂತು. ಡಬ್ಬಿ ಕ್ಷೇಮವಾ, ತಗೊಂಡದ್ದು ಒಳ್ಳೆಯದಾಯ್ತು ಅಲ್ವನಾ ಎಂದು ಕೇಳಿದರು. ಬಹಳ ಒಳ್ಳೆಯದಾಯ್ತು ಭಾವ, ಸಾಧ್ಯವಾದರೆ ಇನ್ನೊಂದು ತರಿಸಿ, ಕೆಳಗಿನ ತೋಟಕ್ಕೂ ಬೇಕು ಎನ್ನುವುದನ್ನು ನಾಲಿಗೆ ತುದಿಯಲ್ಲಿ ತಡೆದುಕೊಂಡೆ.