ಜಾವಾ ಪರಿಚರ್ಯೆ

ಸಿರಿವಂತ ದೇಶಗಳಲ್ಲಿ ಹಳೆಯ ಕಾಲದ ಸ್ಪೋರ್ಟ್ಸ್ ಕಾರೊಂದನ್ನು ಮನೆಯ ಗ್ಯಾರೇಜಿನಲ್ಲಿ ಇರಿಸಿಕೊಂಡು, ರಜಾದಿನಗಳಲ್ಲಿ ಅದರಡಿ ಅಂಗಾತ ಮಲಗಿ, ಮೈಕೈಗೆಲ್ಲ ಗ್ರೀಸು ಬಳಿದುಕೊಂಡು, ಪರಮಾನಂದವನ್ನು ಅನುಭವಿಸುವ ಮಹನೀಯರು ಉಂಟಂತೆ. ಕುವೆಂಪುನಗರದ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡು, ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿದ ಓಣಿಯನ್ನು ತುಳಸಿಗೂ ಸಂಪಿಗೂ ಚಪ್ಪಲಿಗೂ ಹಂಚಿಕೊಟ್ಟ ನಮ್ಮಂಥವರಿಗೆ ಆ ಭಾಗ್ಯವೆಲ್ಲಿಯದು! ಆದರೂ ಮೈಸೂರಿನವರು ತೀರ ಹತಭಾಗ್ಯರೇನೂ ಅಲ್ಲ. ನಮಗೆ ಜಾವಾ ಇದೆ.

ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಜನ್ಮವೆತ್ತಿದ ಈ ಮೋಟಾರ್ ಸೈಕಲ್ ವಂಶವು ಇರಾನಿ ಮನೆತನದವರ ಸಾಹಸದಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ಬಂದು, 1961ರಲ್ಲಿ ಸಂತಾನಾಭಿವೃದ್ಧಿಗೆ ತೊಡಗಿ, 1973ರಲ್ಲಿ ಯೆಜ್ಡಿಯೆಂದು ನಾಮಾಂತರ ಹೊಂದಿ, 1996ರಲ್ಲಿ ನಿಂತುಹೋಯಿತು. ಕಾರ್ಖಾನೆ ಮುಚ್ಚಿದ ವಾರ್ತೆಯನ್ನು ಗಾಡಿಗಳು ಮಾತ್ರ ಇನ್ನೂ ನಂಬಿಲ್ಲ.

ಇದರ ಅಂಗರಚನೆಯಲ್ಲಿ ಮಿತವ್ಯಯಿಗಳು ಮೆಚ್ಚತಕ್ಕ ಯುಕ್ತಿಯೊಂದಿದೆ: ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಅದು ಕಿಕ್ಕರಾಗುತ್ತದೆ, ಎಂಜಿನ್ ಎಚ್ಚೆತ್ತ ಬಳಿಕ ಕೆಳಗಿಳಿದು ಮತ್ತೆ ಗೇರಿನ ಉದ್ಯೋಗಕ್ಕೆ ಹಾಜರಾಗುತ್ತದೆ. ಟು ಸ್ಟ್ರೋಕ್ ಎಂಜಿನ್ನಾದುದರಿಂದ ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿಲೀಟರು ಆಯಿಲ್ ಬೆರೆಸಿಯೇ ಕುಡಿಸಬೇಕು. ಆ ಆಯಿಲು ಉರಿದುಳಿದ ಮಸಿಯು ಜೋಡಿ ಸೈಲೆನ್ಸರುಗಳೊಳಗೆ ಸಂಚಯವಾಗುತ್ತ ಬಂದು, ಕಡೆಗೊಂದು ದಿನ ಚಾಮುಂಡಿಬೆಟ್ಟದ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತೆಂದರೆ, ಮುಂದಿನ ಭಾನುವಾರ ಅದಕ್ಕೆ ಮೀಸಲೆಂದು ತಿಳಿಯತಕ್ಕದ್ದು. ಸೈಲೆನ್ಸರಿನ ಹಿಂತುದಿಯ ನಟ್ಟು ಬಿಚ್ಚಿ ಒಳಗಿನ ನಳಿಗೆಯನ್ನು ಎಳೆದರೆ, ಡಾಂಬರಿನಂತೆ ಗಟ್ಟಿಯಾಗಿ ಮೆತ್ತಿಕೊಂಡ ಕರಿಯ ಪದಾರ್ಥವೊಂದು ದರ್ಶನ ಕೊಡುತ್ತದೆ. ಅದನ್ನು ಕಾಸ್ಟಿಕ್ ಸೋಡಾ ಕಲಸಿದ ಬಕೆಟ್ಟಿನಲ್ಲಿ ನೆನೆಹಾಕಬೇಕು. “ಆ ಬಕೆಟ್ಟು ಇನ್ನು ಬಚ್ಚಲಮನೆಗೆ ಬರಕೂಡದು ನೋಡಿ” ಎಂಬ ಆಜ್ಞೆ ಒಳಗಿನಿಂದ ಬರುವುದೂ ಈ ವಿಧಿಯ ಒಂದು ಅಂಗವೇ.

ಆದರೆ ಇಷ್ಟನ್ನು ಏಕಾಂತದಲ್ಲಿ ನೆರವೇರಿಸುವ ಸ್ವಾತಂತ್ರ್ಯ ಮೈಸೂರಿನಲ್ಲಿ ಯಾರಿಗೂ ಇಲ್ಲ. ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು ಕೇಳಿದೊಡನೆ, ಪಂಚಮಂತ್ರ ರಸ್ತೆಯ ಕಡೆಗೆ ವಾಯುವಿಹಾರಕ್ಕೆ ಹೊರಟ ಹಿರಿಯರೊಬ್ಬರು ಗೇಟಿನ ಬಳಿ ನಿಂತು, ಮಂಕಿಕ್ಯಾಪನ್ನು ಕಿವಿಯಿಂದ ಮೇಲಕ್ಕೆ ಸರಿಸಿ, “ಪಾಯಿಂಟ್ ನೋಡಿದ್ರಾ ಸ್ವಾಮಿ?” ಎನ್ನುತ್ತಾರೆ. ಅವರು ಫ್ಯಾಕ್ಟರಿಯಲ್ಲಿದ್ದವರು. ಎಂಜಿನ್ನಿಗೆ ಕಿಡಿ ಕೊಡಿಸುವ ಈ ಪಾಯಿಂಟಿನ ಎಡೆ 0.4 ಮಿಲಿಮೀಟರು ಇರಬೇಕೆಂಬುದು ಶಾಸ್ತ್ರ. ಫೀಲರ್ ಗೇಜ್ ಹಿಡಿದ ನನ್ನನ್ನು ಕನಿಕರದಿಂದ ನೋಡಿ, ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಅಂಚನ್ನು ಹರಿದು, ಎಡೆಯೊಳಗೆ ತೂರಿಸಿ, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವವರೆಗೆ ಸ್ಕ್ರೂ ತಿರುಗಿಸಿ, “ಇಷ್ಟು ಸಾಕು” ಎಂದು ತೀರ್ಪು ಕೊಡುತ್ತಾರೆ. ಅಷ್ಟರಲ್ಲಿ ಬಂದ ಎರಡನೆಯವರು, ಎಂಜಿನ್ ಜೋಡಿಸುತ್ತಿದ್ದ ವಿಭಾಗದವರಾದ್ದರಿಂದ, ಆ ತೀರ್ಪನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಮೂರನೆಯವರು ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ, ಅವರ ಭಾವಮೈದುನ ಇದ್ದನಂತೆ; ವಾದದಲ್ಲಿ ಎಲ್ಲರಿಗಿಂತ ಏರಿದ ಧ್ವನಿ ಅವರದೇ. ಗಾಡಿಯ ಒಡೆತನ ನನ್ನದೆಂದು ಆರ್.ಸಿ. ಪುಸ್ತಕ ಹೇಳುತ್ತದೆ, ಅದನ್ನು ಹುಟ್ಟಿಸಿದವರೆದುರು ಆ ಪುಸ್ತಕಕ್ಕೆ ಯಾವ ಬೆಲೆ?

ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಯಥಾಸ್ಥಾನ ಸೇರಿ, ಕಿಕ್ಕರಿನ ಮೇಲೆ ಕಾಲಿಟ್ಟು ಒದ್ದಾಗ, ಬೀದಿ ತುಂಬ ನೀಲಿ ಹೊಗೆ ಹರಡಿ ಆ ಪ್ರಸಿದ್ಧ ಧ್ವನಿ ಮೊಳಗುತ್ತದೆ. ಈ ಬಡಾವಣೆಗೆ ಹೆಸರಿತ್ತ ಕವಿಗಳು ಸ್ವತಃ ವಾಸಿಸಿದ್ದುದು ದೂರದ ಜಯಲಕ್ಷ್ಮೀಪುರದ ‘ಉದಯರವಿ’ಯಲ್ಲಾದ್ದರಿಂದ, ನಮ್ಮ ಬೀದಿಯಿಂದ ಕಾವ್ಯಕ್ಕೆ ಭಂಗ ಬರಲಿಲ್ಲವೆಂಬುದೊಂದು ಸಮಾಧಾನ. ಹಿರಿಯರು ಮೂವರೂ ಸದ್ದಿಗೆ ಕಿವಿಗೊಟ್ಟು, ತಂತಮ್ಮ ಸಲಹೆಯಿಂದಲೇ ಅದು ಹೊರಟಿತೆಂಬ ತೃಪ್ತಿಯಿಂದ ತಲೆದೂಗುತ್ತಾರೆ.

ಹಳೆಯ ಜಾವಾ ಕೊಂಡು ಮನೆಯಲ್ಲೇ ಸರ್ವೀಸು ಮಾಡಬೇಕೆಂದಿರುವ ಮೈಸೂರಿನ ಮಿತ್ರರು ಸ್ಪ್ಯಾನರು ಸೆಟ್ಟಿಗಿಂತ ಮೊದಲು ಕಾಫಿಪುಡಿಯನ್ನು ಧಾರಾಳವಾಗಿ ತಂದಿರಿಸಿಕೊಳ್ಳುವುದು ಒಳ್ಳೆಯದು.