ಹೊಸ ಅಂಗಿ, ಹಳೇ ಓಟ

(ಸಿಯಾಟಲ್‌ನ ಒಂದು ಮನೆ. ಕಪಾಟಿನಲ್ಲಿ 2017ರ ಗೇಮ್ ಕನ್ಸೋಲ್, ನಿಂಟೆಂಡೊ ಸ್ವಿಚ್. ಪಕ್ಕಕ್ಕೆ ಬಂದು ಕೂತದ್ದು 2021ರ ಓಎಲ್‌ಇಡಿ ಸ್ವಿಚ್.)

ತಮ್ಮ: ಸ್ವಲ್ಪ ಸರಿಯಣ್ಣಾ, ನನ್ನದು 7 ಇಂಚಿನ ಪರದೆ. ನಿನ್ನದು ಬರೀ 6.2.

ಅಣ್ಣ: ಲಕ್ಷಣವಾಗಿದೆ ಕಣೋ. ಓಟ ಹೆಚ್ಚಿದೆಯಾ?

ತಮ್ಮ: ಬಣ್ಣ ನೋಡು, ಬಣ್ಣ!

ಅಣ್ಣ: ನಾನು ಕೇಳಿದ್ದು ಓಟ.

ತಮ್ಮ: 64 ಜಿಬಿ ಜಾಗ, ನಿನ್ನ ಎರಡರಷ್ಟು. ಬೆನ್ನಿಗೆ ಅಗಲವಾದ ಆಸರೆ ಬೇರೆ.

ಅಣ್ಣ: ಟಿವಿಗೆ ಜೋಡಿಸಿದರೆ 4ಕೆ ಬರುತ್ತೇನೋ?

ತಮ್ಮ: (ಕೆಮ್ಮುತ್ತಾ) 1080ಪಿ.

ಅಣ್ಣ: ಅದು ನನ್ನಲ್ಲೂ ಇದೆಯಲ್ಲೋ! ಟಿವಿಯಲ್ಲಿ ಆಡುವವನಿಗೆ ನಿನ್ನ ಬಣ್ಣ ಕಾಣೋದೂ ಇಲ್ಲ. ಇಷ್ಟಕ್ಕೆ ಎಷ್ಟು ತೆತ್ತರು?

ತಮ್ಮ: ನಿನಗಿಂತ 50 ಡಾಲರ್ ಜಾಸ್ತಿ.

(ಜನ ಕಾದದ್ದು ಓಟ ಹೆಚ್ಚಿರುವ, ವದಂತಿಯ ‘ಸ್ವಿಚ್ ಪ್ರೊ’ಗೆ, ಬಂದದ್ದು ಇವನು. ಆದರೂ ಕೈಯಲ್ಲೇ ಹಿಡಿದು ಆಡುವವರಿಗೆ ತಮ್ಮನೇ ವಾಸಿ.)

ನಿಜವಾಗಿ ಓಟ ಹೆಚ್ಚಿಸಿಕೊಂಡ ಸ್ವಿಚ್ 2 ಬಂದದ್ದು 2025ರ ಜೂನ್‌ನಲ್ಲಿ.